ಸುಣ್ಣ ಕಾಣದ ಸಮಾಧಿ

ಪೂಜ್ಯ ದಯಾನಾಥ ಸ್ವಾಮಿಗಳು ಕಲ್ಲುಪಾಳ್ಯದ ದೇವಾಲಯದಲ್ಲಿದ್ದ ಕಾಲ. ಹಂಚು ಸೋರುವ ಒಂದು ಕೋಣೆ, ಒಂದು ಚಾಪೆ, ತೇಪೆ ಹಾಕಿದ ನಿಲುವಂಗಿ, ಇಷ್ಟೇ ಅವರ ಸಂಸಾರ. ಮಾತು ಬಲು ಕಡಿಮೆ. ಆದರೂ ಒಂದು ಉಪದೇಶವನ್ನು ಅವರು ಎಂದೂ ಬಿಟ್ಟವರಲ್ಲ: ಕ್ರಿಸ್ತನ ಮಕ್ಕಳು ಯಾವ ರಾಜ್ಯಕ್ಕಾಗಿಯೂ ಕೊಲ್ಲಬಾರದು. ಊರಿನವರು ಭಕ್ತಿಯಿಂದ ತಲೆದೂಗಿ, ಮನೆಗೆ ಹೋಗಿ ಉಂಡು ಮರೆಯುತ್ತಿದ್ದರು. ಮರೆಯದವನು ಚೌರಪ್ಪನೊಬ್ಬನೇ.

ಅವನ ಮಗ ಇನ್ನಾಸಿ ಸೇನೆ ಸೇರಿ, ಗಡಿಯ ಯುದ್ಧದಲ್ಲಿ ಮಡಿದು, ಬಾವುಟ ಹೊದಿಸಿದ ಪೆಟ್ಟಿಗೆಯಲ್ಲಿ ಬಂದಿದ್ದ. ಸ್ವಾಮಿಗಳು ಪ್ರಾರ್ಥಿಸಿ ಮಣ್ಣು ಕೊಟ್ಟರು. ಹೊಗಳಿಕೆಯ ಒಂದು ಮಾತೂ ಆಡಲಿಲ್ಲ. ಆ ಮೌನ ಚೌರಪ್ಪನ ಎದೆಯಲ್ಲಿ ಕೂತುಬಿಟ್ಟಿತು.

ಸತ್ತವರ ಹಬ್ಬ ಬಂತು. ಆ ದಿನ ಮನೆಯವರು ತಮ್ಮವರ ಸಮಾಧಿಗೆ ಸುಣ್ಣ ಬಳಿದು, ಚೆಂಡುಹೂವಿಟ್ಟು, ಮೇಣದ ಬತ್ತಿ ಹಚ್ಚಿ ಕಾಯುತ್ತಾರೆ. ಸ್ವಾಮಿಗಳು ಬಂದು ಒಂದೊಂದಕ್ಕೂ ತೀರ್ಥ ಚಿಮುಕಿಸುತ್ತಾರೆ. ಆ ಸಂಜೆ ಇನ್ನಾಸಿಯ ಸಮಾಧಿಯೊಂದೇ ಕಳೆ ಬೆಳೆದು ಕತ್ತಲಲ್ಲಿತ್ತು. ತಾಯಿ ಆರೋಗ್ಯಮ್ಮ ಬತ್ತಿಗಳನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ನಿಂತಿದ್ದಳು. ಚೌರಪ್ಪ ಹಚ್ಚಗೊಟ್ಟಿರಲಿಲ್ಲ.

"ಯಾಕಪ್ಪ ಹೀಗೆ?" ಎಂದರು ಸ್ವಾಮಿಗಳು.

"ನೀವೇ ಹೇಳಿದ್ರಲ್ಲ ಸ್ವಾಮಿ, ಕ್ರಿಸ್ತನ ಮಕ್ಕಳು ಕೊಲ್ಲಬಾರದು ಅಂತ. ಇವನು ಗಡೀಲಿ ಒಬ್ಬ ಹುಡುಗನ್ನ ಕೊಂದಿದ್ದ. ಕೊನೇ ಸಲ ರಜಕ್ಕೆ ಬಂದಾಗ ಅನ್ನ ಸೇರ್ತಿರಲಿಲ್ಲ. ನಿಮ್ಮ ಹತ್ರ ಪಾಪನಿವೇದನೆ ಮಾಡ್ತೀನಿ ಅಂತ ಹೊರಟ. ಆ ಕೈ ಹೊತ್ಕೊಂಡು ಅವರ ಮುಂದೆ ಹೋಗ್ಬೇಡ ಅಂತ ನಾನೇ ತಡೆದೆ. ಹಂಗೇ ಹೋಗ್ಬಿಟ್ಟ."

ಸ್ವಾಮಿಗಳು ಕೈಯಲ್ಲಿದ್ದ ತೀರ್ಥದ ಪಾತ್ರೆಯನ್ನು ಕೆಳಗಿಟ್ಟರು. ಹಸಿ ಮಣ್ಣಿನ ಮೇಲೆ ಮೊಣಕಾಲೂರಿದರು.

"ಯುದ್ಧ ಪಾಪವೇ ಚೌರಪ್ಪ. ನಾಳೇನೂ ಅದನ್ನೇ ಹೇಳ್ತೀನಿ. ಆದರೆ ಅಳ್ತಾ ಬಂದ ಮಗೂನ ಬಾಗಿಲಲ್ಲೇ ನಿಲ್ಲಿಸಿದವರು ನಾವಿಬ್ಬರು. ಅವನನ್ನ ಕ್ಷಮೆ ಕೇಳೋಣ ಬಾ."

ಹೀಗೆಂದು ಆ ಮಹಾನುಭಾವರು ಸಮಾಧಿಗೆ ಹಣೆ ಹಚ್ಚಿದರು.

ಚೌರಪ್ಪನಿಗೆ ಸಮಾಧಾನವೇನೂ ಆಗಲಿಲ್ಲ. ಆಡಿದ ಮಾತನ್ನು ಹಿಂದಕ್ಕೆ ಪಡೆಯೋಣವೆಂದರೆ ಮಗನೆಲ್ಲಿದ್ದಾನೆ? ಆದರೆ ಮಣ್ಣು ಕೊಟ್ಟಂದಿನಿಂದ ಕಲ್ಲಾಗಿದ್ದ ಎದೆ ಒಡೆದುಹೋಯಿತು. ಮಗನ ಹೆಸರು ಹಿಡಿದು ಕೂಗಿ ಗೋಳೋ ಎಂದು ಅತ್ತ. ಅಳುತ್ತಲೇ ಬರಿಗೈಯಲ್ಲಿ ಕಳೆ ಕಿತ್ತ. ಹೆಂಡತಿಯಿಂದ ಒಂದು ಬತ್ತಿ ಇಸಿದುಕೊಂಡು ಹಚ್ಚಿದ. ಮತ್ತೆ ಕೈಚಾಚಿದ.

"ಇನ್ನೊಂದ್ಯಾಕೆ?" ಎಂದಳು ಆರೋಗ್ಯಮ್ಮ.

"ಇವನ ಕೈಲಿ ಸತ್ತನಲ್ಲ, ಆ ಹುಡುಗನಿಗೆ. ಅವರಪ್ಪನೂ ಎಲ್ಲೋ ಹಿಂಗೇ ಕೂತಿರ್ತಾನೆ."

ಎರಡು ಬತ್ತಿಗೂ ಸ್ವಾಮಿಗಳು ಒಂದೇ ಪ್ರಾರ್ಥನೆ ಹೇಳಿದರು.