ಲಕ್ಕವ್ವನ ಜೋಡು

ಪೂಜ್ಯ ಸಿದರಾಯಜ್ಜನವರು ಡೋಣಿ ನದಿಯ ದಂಡೆಯ ಗುಡಿಸಲೊಂದರಲ್ಲಿ ವಾಸವಾಗಿದ್ದ ಕಾಲದ ಮಾತಿದು. ಸಮಗಾರ ಮನೆತನದಲ್ಲಿ ಜನಿಸಿದ ಆ ಮಹಾತ್ಮರು, ಭಕ್ತರು ಎಷ್ಟೇ ಬೇಡಿಕೊಂಡರೂ ಕುಲದ ಕಸುಬನ್ನು ಬಿಟ್ಟವರಲ್ಲ. ಬೆಳಗಿನ ಪೂಜೆ ಮುಗಿಸಿದರೆಂದರೆ ತೊಗಲು ಹರವಿಕೊಂಡು ಬಾಗಿಲಲ್ಲೇ ಕುಳಿತುಬಿಡುತ್ತಿದ್ದರು. ಅವರು ಜೋಡು ಹೊಲಿಯುತ್ತಿದ್ದುದು ಕುಷ್ಠರೋಗಿಗಳಿಗೆ. ಊರು ಹೊರಗಿಟ್ಟ ಆ ಜನರ ಕಾಲಿನ ಅಳತೆ ಹಿಡಿಯಲು ಬೇರೆ ಯಾರೂ ಮುಂದೆ ಬರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಪರಸಪ್ಪನೆಂಬವನು ಅಲ್ಲಿಗೆ ಬಂದ. ಪೇಟೆಯಲ್ಲಿ ಹೆಸರುವಾಸಿಯಾದ ಮೋಚಿ. ಅವನ ಕೈಯ ಜೋಡು ಮೂರು ಮಳೆಗಾಲ ಕಂಡರೂ ಬಾಯಿ ಬಿಡುವುದಿಲ್ಲವೆಂದು ಜನ ಆಡಿಕೊಳ್ಳುತ್ತಿದ್ದರು. ಆದರೆ ದೇವರು, ಗುರು ಎಂದರೆ ಈಚೆಗೆ ಅವನಿಗೆ ಮೈಯೆಲ್ಲ ಉರಿ. ಅವನ ತಾಯಿ ಲಕ್ಕವ್ವ ತೀರಿಕೊಂಡು ತಿಂಗಳಾಗಿತ್ತು. ಐದು ವರ್ಷದ ಕೆಳಗೆ ಆಕೆಗೆ ಅದೇ ರೋಗ ತಗುಲಿದಾಗ, ಮನೆಯವರ ಮಾತಿಗೆ ಕಟ್ಟುಬಿದ್ದು ಊರಾಚೆ ಒಂದು ಗುಡಿಸಲು ಹಾಕಿಸಿಕೊಟ್ಟಿದ್ದ. ಊಟವನ್ನು ಒಬ್ಬ ಮುದುಕಿಯ ಕೈಯಲ್ಲಿ ಕಳಿಸುತ್ತಿದ್ದ. ತಾನು ಮಾತ್ರ ಒಂದು ದಿನವೂ ಬೇಲಿ ದಾಟಿ ಒಳಗೆ ಹೋದವನಲ್ಲ.

ಬಗಲಿನ ಗಂಟು ಬಿಚ್ಚಿ ಒಂದು ಜೊತೆ ಜೋಡನ್ನು ಅಜ್ಜನವರ ಮುಂದಿಟ್ಟ.

"ನಮ್ಮವ್ವನವು. ಯಾರೂ ಮುಟ್ಟವಲ್ರು, ಸುಡಾಕ ನನಗ ಮನಸ್ಸಾಗವಲ್ದು. ನಿಮ್ಮ ಹಂತ್ಯಾಕ ಬರೂ ಮಂದ್ಯಾಗ ಯಾರಿಗರ ಕೊಡ್ರಿ. ಕಾಲಾಗ ಒಂದು ಹುಣ್ಣಾಗಿ ಸತ್ಲು. ಯಾರಿಗೂ ಕೇಡು ಬಗದಾಕಿ ಅಲ್ಲ. ನೀವು ದಿನಾ ಪೂಜಿ ಮಾಡೂ ದೇವರು ಆಕಿಗೆ ಯಾಕ ಹಿಂಗ ಮಾಡಿದ, ಹೇಳ್ರಿ."

ಅಜ್ಜನವರು ಕೈಯಲ್ಲಿದ್ದ ಕೆಲಸ ಮುಂದುವರಿಸಿದರು. ಹೊಲಿಯುವಾಗ ತೊಗಲಿನ ಪದರುಗಳು ಸರಿಯದಂತೆ ಮೊದಲು ಅಂಟು ಹಚ್ಚಿ ಕೂಡಿಸಬೇಕಷ್ಟೆ. ಅವರು ಹುಣಸೆಬೀಜ ಅರೆದು ಕುದಿಸಿದ ಅಂಟನ್ನು ಬೆರಳಿಂದ ತೆಳ್ಳಗೆ ಸವರುತ್ತಿದ್ದರು. ಅದನ್ನು ನೋಡುತ್ತ ಪರಸಪ್ಪನಿಗೆ ತಡೆಯಲಾಗಲಿಲ್ಲ.

"ಇದೇನ್ರಿ ಅಜ್ಜಾರ! ಇದು ಒಣಗಬೇಕಂದ್ರ ಒಂದು ದಿನ ಬೇಕು. ಸರೇಸಿನ ಅಂಟು ಹಚ್ರಿ. ಒಣಗಿತಂದ್ರ ಕಲ್ಲಾಗತೈತಿ. ನಮ್ಮವ್ವನ ಜೋಡಿಗೆ ನಾ ಅದನ್ನ ಎರಡೆರಡು ಸಲ ಹಚ್ಚೀನಿ."

"ಕಲ್ಲಾಗತೈತಿ ಅಂತನ ಬಿಟ್ಟೀನಪಾ," ಎಂದರು ಅಜ್ಜನವರು. "ಇವರ ಅಂಗಾಲು ಜೋಮು ಹಿಡದಿರತಾವು. ಚುಚ್ಚಿದ್ರ ಇವರಿಗೆ ತಿಳಿಯೂದಿಲ್ಲ. ಹೊಲಿಯಾಂವಗ ತಿಳಿದಿರಬೇಕು."

ಹಾಗೆಂದವರೇ ಲಕ್ಕವ್ವನ ಬಲಗಾಲಿನ ಜೋಡನ್ನೆತ್ತಿ ಒಳಗೆ ಕೈ ಹಾಕಿದರು. ಕಣ್ಣು ಮುಚ್ಚಿಕೊಂಡು ಹಿಮ್ಮಡಿಯಿಂದ ಮುಂದಕ್ಕೆ ಮೆಲ್ಲಗೆ ಬೆರಳಾಡಿಸಿದರು. ಹೆಬ್ಬೆರಳಿನ ಬುಡ ಬರುವ ಕಡೆ ಅವರ ಕೈ ನಿಂತಿತು.

"ಅವ್ವಗ ಹುಣ್ಣು ಎಲ್ಲಿ ಆಗಿತ್ತಪಾ?"

ಆ ಹುಣ್ಣನ್ನು ಪರಸಪ್ಪ ಕಂಡವನೇ ಅಲ್ಲ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಕೀವಾಗಿದೆ, ಜ್ವರ ಏರಿದೆ ಎಂದು ಊಟ ಒಯ್ಯುವ ಮುದುಕಿ ಬಂದು ಹೇಳಿದ್ದಳು, ಅಷ್ಟೆ. ಜ್ವರ ಇಳಿಯಲೇ ಇಲ್ಲ. ಅವನೂ ಜೋಡಿನೊಳಗೆ ಕೈ ಹಾಕಿದ. ಅದೇ ಜಾಗದಲ್ಲಿ, ತೊಗಲು ಕೂಡುವಲ್ಲಿ ಹೆಚ್ಚಾಗಿ ಹೊರಬಂದ ಸರೇಸು ಒಣಗಿ, ಗಾಜಿನ ಚೂರಿನಂತೆ ಅಂಚು ಕಟ್ಟಿ ನಿಂತಿತ್ತು.

ಮುದುಕಿ ಇನ್ನೊಂದು ಮಾತನ್ನೂ ಹೇಳಿದ್ದಳು: "ಮಗ ಹೊಲದದ್ದು ಅಂತ ಲಕ್ಕವ್ವ ಅವನ್ನ ಕಾಲಾಗಿಂದ ತಗೀಲೇ ಇಲ್ಲ." ಆಗ ಅದನ್ನು ಕೇಳಿ ಅವನಿಗೆ ಹೆಮ್ಮೆಯಾಗಿತ್ತು.

ಪರಸಪ್ಪ ಕುಸಿದು ಕುಳಿತ. "ನಾನ ಕೊಂದ್ನೇನ್ರಿ ಅಜ್ಜಾರ?"

ಅಜ್ಜನವರ ಕಣ್ಣಲ್ಲೂ ನೀರಾಡುತ್ತಿತ್ತು. ಅವನ ಅಳು ಮುಗಿಯುವವರೆಗೂ ಬೆನ್ನ ಮೇಲೆ ಕೈಯಿಟ್ಟುಕೊಂಡೇ ಕುಳಿತರು. ಆಮೇಲೆ ಇಷ್ಟೇ ಹೇಳಿದರು:

"ಅವ್ವನ ಪಾದ ಒಮ್ಮೆರ ನೋಡಬೇಕಿತ್ತಪಾ. ಇನ್ನ ಮ್ಯಾಲರ ನೋಡು."

ಪರಸಪ್ಪ ಪೇಟೆಯ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ವಾರದೊಳಗೆ ಅಜ್ಜನವರ ಸೇವೆಗೆ ಬಂದು ನಿಂತ. ಮೊದಲ ದಿನ ಅವನ ಮುಂದೆ ಕುಳಿತವಳು ಕಾಲಬೆರಳು ಉದುರಿಹೋದ ಒಬ್ಬ ಅಜ್ಜಿ. ಅವನು ಕೈ ಚಾಚಿದ ಕೂಡಲೆ ಕಾಲು ಹಿಂದಕ್ಕೆಳೆದುಕೊಂಡಳು.

"ಮುಟ್ಟಬ್ಯಾಡೋ ಮಗನ, ಹೊಲಸೈತಿ."

"ಇರಲಿ ಬಿಡವ್ವಾ," ಎಂದ ಪರಸಪ್ಪ. ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದ, ಒರೆಸಿದ, ಅಂಗಾಲಿನ ಒಂದೊಂದು ಗೆರೆಯನ್ನೂ ಬಾಗಿ ನೋಡಿದ. ನೋಡುತ್ತಿದ್ದಂತೆ ಅವನ ಕಣ್ಣೀರು ಅದರ ಮೇಲೆ ತೊಟ್ಟಿಕ್ಕತೊಡಗಿತು. ನಾಚಿಕೆಯಿಂದ ಮುಖ ತಿರುಗಿಸಿ ಕುಳಿತಿದ್ದ ಅಜ್ಜಿಗೆ ಅದು ತಿಳಿಯಲಿಲ್ಲ. ಬಾಗಿಲಲ್ಲಿದ್ದ ಸಿದರಾಯಜ್ಜನವರು ಕಂಡರು. ಕಂಡು, ಎದ್ದು ನಿಂತು, ಪರಸಪ್ಪನಿಗೆ ಕೈಮುಗಿದರು.