ಮಡ್‌ಗಾರ್ಡಿನೊಳಗಿನ ಎರೆಮಣ್ಣು

"ಗುರುಗಳೇ, ಸತ್ತವರ ಗುರುತನ್ನು ನಮ್ಮ ಕೈಯಾರೆ ಅಳಿಸಿದರೆ ಅದು ದ್ರೋಹವಲ್ಲವೇ?" ಎಂದು ಬಸಲಿಂಗ ಕೇಳಿದ. ಅವನ ಅಣ್ಣ ತೀರಿಕೊಂಡು ಒಂದು ವರ್ಷವಾಗಿತ್ತು.

ಗುರುಗಳು ಶಿಷ್ಯನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಎರೆ ನೆಲದ ಸೀಮೆಯಲ್ಲಿ ಒಬ್ಬ ಚಹಾಪುಡಿ ವ್ಯಾಪಾರಿಯಿದ್ದ. ಹಳೆಯ ಕಾರೊಂದರಲ್ಲಿ ಚೀಲಗಳನ್ನು ಹೇರಿಕೊಂಡು ಊರೂರಿನ ಅಂಗಡಿಗಳಿಗೆ ಕೊಟ್ಟು ಬರುವುದು ಅವನ ಕಸುಬು. ಮಕ್ಕಳಿರಲಿಲ್ಲ. ಹೆಂಡತಿ ಪಕ್ಕದ ಸೀಟಿನಲ್ಲಿ ಕುಳಿತು ಅವನ ಜೊತೆಗೇ ತಿರುಗುತ್ತಿದ್ದಳು. ದಾರಿಯುದ್ದಕ್ಕೂ ಮಾತಾಡುವವಳು ಅವಳು, ಹೂಂಗುಟ್ಟುವವನು ಇವನು.

ಒಂದು ಮಳೆಗಾಲ ಅಡ್ಡದಾರಿಯಲ್ಲಿ ಕಾರು ಕೆಸರಿನಲ್ಲಿ ಹೂತುಹೋಯಿತು. ಹೆಂಡತಿ ಸೀರೆ ಎತ್ತಿ ಕಟ್ಟಿ ಕೆಳಗಿಳಿದಳು. "ನೀವು ಸ್ಟೇರಿಂಗ್ ಹಿಡೀರಿ, ನಾ ನೂಕತೀನಿ" ಎಂದಳು. ಹಿಂದಿನ ಚಕ್ರ ಗಿರ್ರನೆ ತಿರುಗಿ ಅವಳ ಮುಖಕ್ಕೆಲ್ಲ ಕೆಸರು ಎರಚಿತು. ಅವಳು ಅಲ್ಲೇ ನಿಂತು ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕಳು. ಅವನೂ ನಕ್ಕ. ಆ ಮಳೆಗಾಲ ಮುಗಿಯುವ ಮೊದಲೇ ಜ್ವರ ಬಂದು ಅವಳು ತೀರಿಕೊಂಡಳು.

ಕ್ರಿಯೆಗಳು ಮುಗಿದವು. ಬಂದವರು ಹೋದರು. ಒಂದು ಬೆಳಿಗ್ಗೆ ವ್ಯಾಪಾರಿ ಬಕೆಟ್ಟಿನಲ್ಲಿ ನೀರು ತಂದು ಕಾರು ತೊಳೆಯಲು ಕುಳಿತ. ಬಾಗಿಲು ತೊಳೆದ, ಗಾಜು ಒರೆಸಿದ, ಚಕ್ರಗಳನ್ನು ಬಟ್ಟೆಯಿಂದ ಉಜ್ಜಿದ. ಹಿಂದಿನ ಚಕ್ರದ ಮೇಲೆ, ಮಡ್‌ಗಾರ್ಡಿನ ಒಳಗೆ ಕೈ ಹಾಕಿದಾಗ ಒಣಗಿದ ಎರೆಮಣ್ಣು ಬೆರಳಿಗೆ ಸಿಕ್ಕಿತು. ಆ ದಿನದ ಮಣ್ಣು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಅಲ್ಲಿಂದ ಮುಂದೆ ಕಾರು ಹೊರಗೆಲ್ಲ ಹೊಳೆಯುತ್ತಿತ್ತು. ಆ ಒಳಭಾಗವನ್ನು ಮಾತ್ರ ಅವನು ಮುಟ್ಟಲಿಲ್ಲ, ಬೇರೆಯವರಿಗೂ ಮುಟ್ಟಲು ಬಿಡಲಿಲ್ಲ. ಪಕ್ಕದ ಸೀಟಿನಲ್ಲಿ ಯಾರನ್ನೂ ಕೂರಿಸಿಕೊಳ್ಳಲಿಲ್ಲ. ಅಂಗಡಿಯವರು ಚಹಾ ಕುಡಿದು ಹೋಗಿ ಎಂದರೆ ಕೆಲಸವಿದೆ ಎನ್ನುತ್ತಿದ್ದ. ಮನೆಗೆ ಬಂದರೆ ಕೆಲಸವೇನೂ ಇರುತ್ತಿರಲಿಲ್ಲ. ಬರಬರುತ್ತ ಅವರು ಕರೆಯುವುದನ್ನು ಬಿಟ್ಟರು.

ಮುಂದಿನ ಮಳೆಗೆ ಒಳಗಿನ ಮಣ್ಣು ನೆನೆಯಿತು. ಅದರ ಮೇಲೆ ಹೊಸ ಕೆಸರು ಮೆತ್ತಿಕೊಂಡಿತು. ತಗಡಿಗೆ ತುಕ್ಕು ಹಿಡಿಯಿತು. ತಿರುವುಗಳಲ್ಲಿ ಟೈರು ಮಣ್ಣಿಗೆ ಉಜ್ಜಿ ಸದ್ದು ಮಾಡತೊಡಗಿತು. ಮೆಕ್ಯಾನಿಕ್ ಬಗ್ಗಿ ನೋಡಿ, ಇದನ್ನು ತೆಗೆಯದಿದ್ದರೆ ತಗಡು ಉದುರುತ್ತದೆ, ಟೈರೂ ಹರಿಯುತ್ತದೆ ಎಂದ.

ವ್ಯಾಪಾರಿ ಬ್ರಷ್ಷಿನ ಅಂಗಡಿಗೆ ಹೋಗಿ, ಮಡ್‌ಗಾರ್ಡಿನ ಒಳಗಿನ ಮಣ್ಣು ತೆಗೆಯಬೇಕು ಎಂದ. ಅಂಗಡಿ ನಡೆಸುತ್ತಿದ್ದ ಹೆಂಗಸು ಬಗೆಬಗೆಯ ಬ್ರಷ್ಷುಗಳನ್ನು ಅವನ ಮುಂದಿಟ್ಟಳು. ಚಕ್ರದ ಹೊಳಪು ಕೆಡದ ಹಾಗೆ ಉಜ್ಜಲು ಮೆತ್ತನೆಯದು, ಸಂದುಗಳಿಗೆ ತೂರಿಸಲು ಸಣ್ಣದು, ಮಡ್‌ಗಾರ್ಡಿನ ಒಳಗೆ ತಿಕ್ಕಲು ಉದ್ದ ಹಿಡಿಕೆಯ ಗಡುಸು ಬ್ರಷ್ಷು. ವ್ಯಾಪಾರಿ ಗಡುಸು ಬ್ರಷ್ಷಿನ ಎಳೆಗಳನ್ನು ಅಂಗೈಗೆ ಒತ್ತಿ ನೋಡಿದ. ಅದನ್ನು ಕೆಳಗಿಟ್ಟು ಮೆತ್ತನೆಯದನ್ನು ಎತ್ತಿಕೊಂಡ.

"ಒಳಗಿನ ಮಣ್ಣಿಗೆ ಅದು ನಡಿಯಂಗಿಲ್ರಿ ಅಣ್ಣಾರ" ಎಂದಳು ಹೆಂಗಸು. "ಬರೇ ಸವರತೈತಿ, ತೆಗಿಯಂಗಿಲ್ಲ."

"ಇರ್ಲಿ ತಂಗಿ, ಇದನ್ನ ಕೊಡು" ಎಂದ ವ್ಯಾಪಾರಿ.

ಅವಳು ಹೇಳಿದಂತೆಯೇ ಆಯಿತು. ಮೆತ್ತನೆಯ ಎಳೆಗಳು ಮಣ್ಣಿನ ಮೇಲೆ ಆಡಿದವು, ಮಣ್ಣು ಜಗ್ಗಲಿಲ್ಲ. ವ್ಯಾಪಾರಿಗೆ ಒಳಗೊಳಗೇ ಸಮಾಧಾನವಾಯಿತು. ಬಿಡುವಿದ್ದಾಗಲೆಲ್ಲ ಅವನು ಚಕ್ರದ ಪಕ್ಕ ಕುಳಿತು ಹಾಗೆಯೇ ಸವರುತ್ತಿದ್ದ. ಬೀದಿಯ ಜನ, ಈತ ಕಾರನ್ನು ಎಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಾನೆ ಎಂದುಕೊಂಡರು. ತಾನು ಏನನ್ನೂ ತೊಳೆಯುತ್ತಿಲ್ಲ ಎಂಬುದು ಅವನೊಬ್ಬನಿಗೇ ಗೊತ್ತಿತ್ತು.

ಒಂದು ಮಧ್ಯಾಹ್ನ, ಊರುಗಳಿಂದ ದೂರದ ಬಯಲಿನಲ್ಲಿ, ತಿರುವು ತೆಗೆದುಕೊಳ್ಳುವಾಗ ಆ ಟೈರು ಸಿಡಿಯಿತು. ಕಾರು ರಸ್ತೆ ಬಿಟ್ಟು ಹೊಲದ ಬದುವಿಗೆ ಬಡಿದು ನಿಂತಿತು. ಹಿಂದಿನ ಚೀಲವೊಂದು ಒಡೆದು ಪುಡಿಯೆಲ್ಲ ಮುಂದಕ್ಕೆ ಚೆಲ್ಲಿತು. ವ್ಯಾಪಾರಿಗೆ ಏನೂ ಆಗಲಿಲ್ಲ. ಅವನು ಥಟ್ಟನೆ ಎಡಕ್ಕೆ ತಿರುಗಿ, "ನಿನಗ ಪೆಟ್ಟೇನೂ ಆಗಿಲ್ಲಲ್ಲಾ?" ಎಂದು ಕೇಳಿದ.

ಸೀಟಿನ ಮೇಲೆ ಚಹಾಪುಡಿ ಬಿದ್ದಿತ್ತು. ಕಣ್ಣು ಹೋದಷ್ಟು ದೂರ ಬಯಲಿನಲ್ಲಿ ಯಾರೂ ಇರಲಿಲ್ಲ. ತನ್ನ ದನಿ ತನಗೇ ಕೇಳಿಸಿ ಅವನು ಅತ್ತ. ಅವಳು ಹೋದ ಮೇಲೆ ಅತ್ತದ್ದು ಅದೇ ಮೊದಲು.

ಸ್ಟೆಪ್ನಿ ಹಾಕಿಕೊಂಡು ಊರಿಗೆ ಬಂದವನು ನೇರವಾಗಿ ಬ್ರಷ್ಷಿನ ಅಂಗಡಿಗೆ ಹೋದ. ಹೆಂಗಸು ಅವನ ಮುಖ ನೋಡಿದಳು. ಏನನ್ನೂ ಕೇಳದೆ ಗಡುಸು ಬ್ರಷ್ಷನ್ನು ಅವನ ಕೈಗಿತ್ತಳು. "ಮೊದಲ ನೀರು ಹಾಕಿ ನೆನಿಸ್ರಿ" ಎಂದಷ್ಟೇ ಹೇಳಿದಳು.

ಅವನು ಚಕ್ರ ಬಿಚ್ಚಿದ. ನೀರು ಹಾಕಿ ಕಾದ. ಆಮೇಲೆ ತಿಕ್ಕಿದ. ಮಣ್ಣು ಮೊದಲು ಕರಗಿ ಸುರಿಯಿತು, ಆಮೇಲೆ ಹೆಂಟೆ ಹೆಂಟೆಯಾಗಿ ಬಿತ್ತು. ಯಾವುದು ಆ ದಿನದ್ದು, ಯಾವುದು ಆಮೇಲಿನದ್ದು ಎಂದು ಅವನಿಗೆ ತಿಳಿಯಲಿಲ್ಲ. ಒಂದು ಹೆಂಟೆಯನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡ. ನೆನೆದ ಮಣ್ಣು ಬೆರಳುಗಳ ಸಂದಿನಿಂದ ಜಾರಿಹೋಯಿತು. ಕಪ್ಪು ನೀರು ಚರಂಡಿಯವರೆಗೂ ಹರಿಯಿತು. ಅದು ತಿಳಿಯಾಗುವ ತನಕ ಅವನು ನೋಡುತ್ತ ನಿಂತ. ಮಣ್ಣಿನ ಕೆಳಗೆ ತಗಡು ತೂತಾಗಿತ್ತು. ಅದಕ್ಕೆ ತೇಪೆ ಹಾಕಿಸಿದ.

ಮರುದಿನ ವ್ಯಾಪಾರಕ್ಕೆ ಹೊರಟ. ಮಾತಿಲ್ಲದ ದಾರಿ ಮೊದಲಿನಷ್ಟೇ ಉದ್ದವಾಗಿತ್ತು. ಮೊದಲ ಅಂಗಡಿಯವನು ಸರಕು ಇಳಿಸಿಕೊಂಡ; ಚಹಾಕ್ಕೆ ಕರೆಯಲಿಲ್ಲ. ವ್ಯಾಪಾರಿ ಹೊರಡಲು ತಿರುಗಿದವನು ನಿಂತ. "ಚಾ ಐತೇನ್ರಿ?" ಎಂದು ತಾನೇ ಕೇಳಿ, ಅಂಗಡಿಯ ಬೆಂಚಿನ ಮೇಲೆ ಕುಳಿತುಕೊಂಡ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಬಸಲಿಂಗ ಕೇಳಿದ: "ಮಣ್ಣು ಹೋದ ಮೇಲೆ ಅವನ ದುಃಖವೂ ಹೋಯಿತೇ?"

"ಇಲ್ಲ, ದುಃಖ ಉಳಿಯಿತು; ಅದನ್ನು ಹೊತ್ತುಕೊಂಡು ಹೋಗಲು ಕಾರೂ ಉಳಿಯಿತು" ಎಂದರು ಗುರುಗಳು.