ಹೊಗೆಗುಡ್ಡಕ್ಕೆ ಆ ಹೆಸರು ಬಂದ ಬಗೆ

ಬೇಲೆಕೊಪ್ಪದ ಧಕ್ಕೆಯಿಂದ ಬೆಳಿಗ್ಗೆ ಹೊರಡುವ ಪ್ರವಾಸಿ ಬೋಟು, ಗಾಳಿ ನೆಟ್ಟಗಿದ್ದರೆ, ಬಿಸಿಲು ಏರುವುದರೊಳಗೆ ಬಿಳಿಗುಡ್ಡಗಳ ಬಳಿ ಲಂಗರು ಹಾಕುತ್ತದೆ. ಬಿಳಿಗುಡ್ಡಗಳೆಂದರೆ ಕಡಲಿನಲ್ಲಿ ಗುಂಪಾಗಿ ನಿಂತ ಸುಣ್ಣಕಲ್ಲಿನ ದ್ವೀಪಗಳು. ತೆರೆಗಳು ಅವುಗಳ ಬುಡವನ್ನು ಕೊರೆದು ಕೊರೆದು ಅಲ್ಲಲ್ಲಿ ಕಮಾನು ಮಾಡಿವೆ, ಗವಿ ಮಾಡಿವೆ. ಆಳ ಸಾಲದ್ದರಿಂದ ದೊಡ್ಡ ಬೋಟು ಒಳಗೆ ಹೋಗುವುದಿಲ್ಲ. ಬಣ್ಣಬಣ್ಣದ ಕಯಾಕುಗಳನ್ನು ನೀರಿಗಿಳಿಸಿ, ಬಂದವರಿಗೆ ಕಿತ್ತಳೆ ಬಣ್ಣದ ಜಾಕೆಟು ತೊಡಿಸಿ, ಕೈಗೊಂದು ಹುಟ್ಟು ಕೊಟ್ಟು ಬಿಡುತ್ತಾರೆ. ಜನ ಕಮಾನಿನ ಕೆಳಗೆ ತಲೆ ಬಗ್ಗಿಸಿ ನುಸುಳುತ್ತಾರೆ, ಗವಿಯೊಳಗೆ ಕೂಗಿ ಮಾರ್ದನಿ ಕೇಳುತ್ತಾರೆ, ಮಧ್ಯಾಹ್ನ ಬೋಟಿಗೆ ಮರಳಿ ಬಂಗಡೆ ಸಾರು ಅನ್ನ ಉಣ್ಣುತ್ತಾರೆ, ಸಂಜೆಗೆ ಊರು ಸೇರುತ್ತಾರೆ. ಎಲ್ಲ ಗುಡ್ಡಗಳೂ ಹಾಲು ಸುರಿದಂತೆ ಬೆಳ್ಳಗಿವೆ. ಪಡುವಣ ತುದಿಯದೊಂದರ ನೆತ್ತಿ ಮಾತ್ರ ಕಪ್ಪು. ಎಷ್ಟು ಮಳೆಗಾಲ ಹೊಯ್ದರೂ ಆ ಕಪ್ಪು ತೊಳೆದುಹೋಗಿಲ್ಲ. ಅದು ಬರೀ ಪಾಚಿ ಎನ್ನುವವರೂ ಇದ್ದಾರೆ, ಇದ್ದರೂ ಇರಬಹುದು. ಆದರೆ ಬೇಲೆಕೊಪ್ಪದ ಹಿರಿಯರು ಆ ಗುಡ್ಡವನ್ನು ಹೊಗೆಗುಡ್ಡ ಎಂದೇ ಕರೆಯುತ್ತಾರೆ, ಕಾರಣ ಕೇಳಿದರೆ ಹಮ್ಮಣ್ಣ ಶೆಟ್ಟಿಯ ಕತೆ ಹೇಳುತ್ತಾರೆ.

ಹಿಂದೆ ಒಮ್ಮೆ, ಧಕ್ಕೆಯೂ ಇಲ್ಲದ, ಮನೆ ಕಟ್ಟಲು ಸಿಮೆಂಟೂ ಇಲ್ಲದ ಕಾಲದಲ್ಲಿ, ಈ ಸೀಮೆಯ ಗೋಡೆಗಳೆಲ್ಲ ಹಮ್ಮಣ್ಣ ಶೆಟ್ಟಿಯ ಸುಣ್ಣದಲ್ಲಿ ನಿಂತಿದ್ದವಂತೆ. ಪಡುವಣ ಗುಡ್ಡದ ಇಳಿಜಾರಿನಲ್ಲಿ ಅವನದೊಂದು ಸುಣ್ಣದ ಗೂಡಿತ್ತು. ಒಂದು ವರಸೆ ಕಟ್ಟಿಗೆ, ಒಂದು ವರಸೆ ಕಲ್ಲು ಎಂದು ಗೂಡು ತುಂಬಿ, ಮೀನೆಣ್ಣೆಯಲ್ಲಿ ಅದ್ದಿದ ತೆಂಗಿನ ಸಿಪ್ಪೆಯಿಂದ ಬೆಂಕಿ ಹಚ್ಚುತ್ತಿದ್ದರು. ಎಣ್ಣೆ ಹತ್ತಿಕೊಂಡಾಗ ಬರುವುದು ಕರಿ ಹೊಗೆ, ಕಲ್ಲು ಬೆವರುವಾಗ ಬೂದು ಹೊಗೆ, ಸುಣ್ಣ ಬೆಂದಾಗ ಬಿಳಿ ಹೊಗೆ. ಹಮ್ಮಣ್ಣ ಶೆಟ್ಟಿ ಗುಡ್ಡಕ್ಕೆ ಹೋಗುತ್ತಿದ್ದುದು ವರ್ಷಕ್ಕೊಮ್ಮೆ ಮಾತ್ರ, ಬಲಿಪಾಡ್ಯದ ದಿನ, ಗೂಡಿನ ಬಾಯಿಗೆ ಕಾಯಿ ಒಡೆದು ಮೊದಲ ಬೆಂಕಿ ಹಚ್ಚಲು. ಅವನು ಹಚ್ಚದೆ ಆ ವರ್ಷ ಯಾರೂ ಗೂಡಿಗೆ ಬೆಂಕಿ ತೋರಿಸುವಂತಿರಲಿಲ್ಲ. ಉಳಿದ ದಿನಗಳಲ್ಲಿ ಅವನು ಅಂಗಡಿ ಜಗಲಿಯ ಮೇಲೆ ಕೂತು ಕಡಲಿನಾಚೆಗಿನ ಹೊಗೆ ನೋಡಿಯೇ ವ್ಯಾಪಾರ ಮಾಡುತ್ತಿದ್ದ. ಸುಣ್ಣ ದಡಕ್ಕೆ ಬರುವ ಮೊದಲೇ ಇದು ಗಾರೆಗಾಯಿತು, ಇದು ಬಳಿಯುವುದಕ್ಕಾಯಿತು ಎಂದು ಮಾತು ಮುಗಿಸಿಬಿಡುತ್ತಿದ್ದ. ಆ ಕಣ್ಣು ಒಮ್ಮೆಯೂ ತಪ್ಪಿದ್ದಿಲ್ಲ. ತಪ್ಪದ ಕಣ್ಣನ್ನು ನಂಬದೆ ಇರಲು ಮನುಷ್ಯನಿಗೆ ಕಾರಣವಾದರೂ ಏನಿರುತ್ತದೆ?

ಅವನಿಗಿದ್ದವಳು ಒಬ್ಬಳೇ ಮಗಳು, ಶೇವಂತಿ. ಚಿಕ್ಕಂದಿನಲ್ಲಿ ಅವಳು ಅಪ್ಪನ ಪಕ್ಕ ಜಗಲಿಯಲ್ಲೇ ಬೆಳೆದವಳು. ಬೇರೆ ಮಕ್ಕಳು ಅಕ್ಷರ ತಿದ್ದುವಂತೆ ಅವಳು ಹೊಗೆ ಓದಲು ಕಲಿತಳು ಎನ್ನುತ್ತಾರೆ. "ಈಗ ಏನು ಹೇಳ್ತದೆ ಗೂಡು?" ಎಂದು ಶೆಟ್ಟಿ ಕೇಳಿದರೆ, "ಕಲ್ಲು ಬೆವರ್ತಾ ಉಂಟು ಅಪ್ಪಾ," ಎನ್ನುವಳು. ಒಮ್ಮೆ ಅವಳೇ ಕೇಳಿದಳಂತೆ: "ಮೊದಲು ಬಿಳಿ ಬಂದು ಆಮೇಲೆ ಕರಿ ಬಂದ್ರೆ?" ಶೆಟ್ಟಿ ನಕ್ಕ. "ಹಾಗೆಲ್ಲ ಬರೂದಿಲ್ಲ ಮಗಾ. ಬಂತು ಅಂದ್ರೆ ಅಲ್ಲೇನೋ ಅನಾಹುತ ಆಗಿದೆ ಅಂತ ತಿಳ್ಕೊ." ಅಷ್ಟರಲ್ಲಿ ಯಾರೋ ಗಿರಾಕಿ ಬಂದ. ಶೆಟ್ಟಿ ಆ ಮಾತನ್ನು ಅಲ್ಲಿಗೇ ಮರೆತ.

ಶೇವಂತಿಗೆ ಮದುವೆಯಾಯಿತು. ಅಳಿಯ ಅನಂತಯ್ಯ ಘಟ್ಟದ ಮೇಲಿನವನು, ಕಡಲನ್ನು ದಡದಿಂದಷ್ಟೇ ನೋಡಿದವನು. ನವರಾತ್ರಿ ಮುಗಿದ ಮೇಲೆ ಮಾವನ ಮನೆಗೆ ಬಂದವನಿಗೆ ಬಿಳಿಗುಡ್ಡ ತೋರಿಸಿಕೊಂಡು ಬರೋಣವೆಂದು ಶೇವಂತಿ ಹಟ ಹಿಡಿದಳು. ಹೊಸ ಅಳಿಯನಿಗೆ ಮಾವನ ಆಸ್ತಿ ತೋರಿಸುವುದು ಪದ್ಧತಿಯೇ ಆದ್ದರಿಂದ ಶೆಟ್ಟಿ ಬೇಡವೆನ್ನಲಿಲ್ಲ. ಹಾಯಿ ಕಟ್ಟಿದ ಮಚ್ವೆ, ಅದರ ಹಿಂದೆ ಹಗ್ಗದಲ್ಲಿ ಎಳೆಸಿಕೊಂಡು ಹೋಗುವ ಎರಡು ಪುಟ್ಟ ಪಾತಿ ದೋಣಿ, ನಡೆಸಲು ಬುದ್ದು ಅಂಬಿಗ. ಮಚ್ವೆಯನ್ನು ಹೊರಗೆ ಕಟ್ಟಿ, ಪಾತಿಗಳಲ್ಲಿ ಕೂತು ಕಮಾನುಗಳ ಕೆಳಗೆ ಹುಟ್ಟು ಹಾಕುತ್ತ ತಿರುಗುವುದು, ಬುತ್ತಿ ಉಣ್ಣುವುದು, ದೀಪ ಹಚ್ಚುವ ಹೊತ್ತಿಗೆ ಮನೆ. ಇಂದಿನ ಪ್ರವಾಸಿಗಳು ಮಾಡುವುದಕ್ಕೂ ಅದಕ್ಕೂ ಹೆಚ್ಚು ಅಂತರವಿಲ್ಲ. ಹೊರಡುವಾಗ ಶೆಟ್ಟಿ ಅಳಿಯನಿಗೆ ಒಂದೇ ಮಾತು ಹೇಳಿದ: "ಗೂಡು ತುಂಬಿಸಿ ಇಟ್ಟದೆ. ನೋಡಿ, ಮುಟ್ಟಬೇಡಿ. ಇನ್ನೂ ಪೂಜೆ ಆಗ್ಲಿಲ್ಲ." ಅನಂತಯ್ಯ ನಗುತ್ತ ಕೈಮುಗಿದ. ಆ ನಗು ಶೆಟ್ಟಿಗೆ ಅಷ್ಟಾಗಿ ಹಿಡಿಸಲಿಲ್ಲ.

ಸಂಜೆಗೆ ಮಚ್ವೆ ಬರಲಿಲ್ಲ. ಬದಲಿಗೆ ಪಡುವಣ ಗುಡ್ಡದ ಮೇಲೆ ಹೊಗೆ ಎದ್ದಿತು. ಬಿಳಿ ಹೊಗೆ, ದಪ್ಪಗೆ, ನೇರವಾಗಿ. ಶೆಟ್ಟಿ ಜಗಲಿಯ ಕಂಬ ಹಿಡಿದು ನಿಂತು ನೋಡಿದ. ಅವನ ಹೆಂಡತಿ ದುಗ್ಗಮ್ಮ ಒಳಗಿನಿಂದ ಬಂದು ಏನೆಂದು ಕೇಳಿದಾಗ, "ಏನಿಲ್ಲ, ನಿನ್ನ ಅಳಿಯನ ದರ್ಬಾರು," ಎಂದ. "ಬೇಡ ಅಂದ್ರೂ ಗೂಡಿಗೆ ಬೆಂಕಿ ಇಟ್ಟಿದ್ದಾನೆ. ಹಸಿ ಸೊಪ್ಪು ತುರುಕಿದ್ದಾನೆ, ಹತ್ತೂದಿಲ್ಲ. ಹತ್ತಿಸಿಯೇ ಬರ್ತೇನೆ ಅಂತ ಕೂತಿರಬೇಕು." ಪೂಜೆಯಾಗದ ಗೂಡು, ಕಾಯಿ ಒಡೆಯದ ಬೆಂಕಿ. ಶೆಟ್ಟಿಗೆ ಅಂದು ಅನ್ನ ಸೇರಲಿಲ್ಲ. ಅದು ಚಿಂತೆಯಿಂದಲ್ಲ, ಸಿಟ್ಟಿನಿಂದ.

ಮರುದಿನ ಬಿಸಿಲು ಬಲಿಯುವಾಗ ಅದೇ ಜಾಗದಲ್ಲಿ ಬಿಳಿ ಹೋಗಿ ಕರಿ ಹೊಗೆ ಬಂತು. ಬುದ್ದುವಿನ ಅಣ್ಣ ಗೋಯ್ದ ಅಂಬಿಗ ಅಂಗಡಿಯ ಮುಂದೆ ಬಂದು ನಿಂತ.

"ಶೆಟ್ರೇ, ಎರಡನೇ ಮಚ್ವೆ ಇಳಿಸ್ತೆ. ಗಾಳಿ ಈಗ ಹದಕ್ಕದೆ. ಬೈಗಿಗೆ ಇರ್ತದೋ ಇಲ್ವೋ."

"ಯಾಕೆ?"

"ಬುದ್ದು ಹೊತ್ತಿಗೆ ಬರದೇ ಇರವ ಅಲ್ಲ."

"ಹೌದಪ್ಪ, ಹೆಂಡದಂಗಡಿಗೆ ಹೊತ್ತಿಗೆ ಸರಿಯಾಗಿ ಬರ್ತಾನೆ."

"ಅಲ್ಲಿ ಹೆಂಡದಂಗಡಿ ಇಲ್ವಲ್ರಾ," ಎಂದ ಗೋಯ್ದ. "ಅದ್ಕೇ ಹೇಳ್ತೆ. ಅಲ್ಲೇ ಉಳಿಯೂಕೆ ಅವ್ನಿಗೆ ಕಾರಣವೇ ಇಲ್ಲ."

ಜಗಲಿಯಲ್ಲಿದ್ದ ಗಿರಾಕಿಗಳು ನಕ್ಕರು. ಶೆಟ್ಟಿಯೂ ನಕ್ಕ, ಆದರೆ ಕಣ್ಣು ಹೊಗೆಯ ಮೇಲೇ ಇತ್ತು. "ನೋಡು ಗೋಯ್ದ, ಅರ್ಧ ಬಿಸಿಯಾದ ಕಲ್ಲಿನ ಮೇಲೆ ಈಗ ಎಣ್ಣೆ ಸುರಿದಿದ್ದಾರೆ. ಇನ್ನು ಆ ಸುಣ್ಣ ಹಂದಿಗೂಡಿಗೆ ಬಳಿಯೂಕೂ ಬಾರದು. ಮುಖ ತೋರಿಸೂಕೆ ನಾಚಿಕೆಯಾಗಿ ಅಲ್ಲೇ ಕೂತಿದ್ದಾರೆ. ಕೂರಲಿ. ಇನ್ನೊಂದು ದಿನ ಉಪ್ಪು ಗಾಳಿ ಕುಡಿದು ಬುದ್ಧಿ ಕಲಿತು ಬರಲಿ."

ದುಗ್ಗಮ್ಮ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳುತ್ತಿದ್ದಳು. ಗಿರಾಕಿಗಳ ಮುಂದೆ ಎಂದೂ ಬಾಯಿ ತೆರೆಯದವಳು ಅಂದು ಹೊರಗೆ ಬಂದಳು. "ಹೊಗೆ ಏನು ಬೇಕಾದ್ರೂ ಹೇಳಲಿ. ನೀವು ಮನುಷ್ಯರನ್ನ ಕಳಿಸಿ. ಆ ಗುಡ್ಡದಲ್ಲಿ ಕುಡಿಯೂಕೆ ಹನಿ ನೀರಿಲ್ಲ."

"ಮಚ್ವೆಯಲ್ಲಿ ಕೊಡಪಾನ ಉಂಟು," ಎಂದ ಶೆಟ್ಟಿ. "ಹೋಗು, ಒಳಗೆ ಹೋಗು."

ಹಡಗಿಗೆ ಕೊಬ್ಬರಿ ಸಾಗಿಸಲು ತುಂಬಿ ನಿಂತಿದ್ದ ಎರಡನೇ ಮಚ್ವೆ ಹಾಗೆಯೇ ನಿಂತಿತು. ಒಡೆಯನ ಅಪ್ಪಣೆಯಿಲ್ಲದೆ ಅದನ್ನು ಮುಟ್ಟುವವರಿಲ್ಲ; ಅಂಬಿಗರ ಸಣ್ಣ ದೋಣಿಗಳಿಗೆ ಆ ನಡುಗಡಲು ದಾಟಿ ಜನರನ್ನು ಹೊತ್ತು ಮರಳುವ ತಾಕತ್ತಿಲ್ಲ. ಗೋಯ್ದ ಅಂದು ಮನೆಗೆ ಹೋಗಲಿಲ್ಲ. ಮಚ್ವೆಯ ನೆರಳಿನಲ್ಲೇ ಕೂತು ಬೈಗಿನವರೆಗೂ ಪಡುವಣಕ್ಕೆ ನೋಡಿದ. ಕರಿ ಹೊಗೆ ತೆಳ್ಳಗಾಗುತ್ತ ಬಂದು ನಿಂತುಹೋಯಿತು. ಮರುದಿನ ಮುಂಜಾನೆ, ಮೋಡ ಕವಿದ ಬಾನಿಗೆ ಮತ್ತೊಮ್ಮೆ ಕರಿ ಹೊಗೆ ಎದ್ದಿತು, ಮೊದಲಿಗಿಂತ ದಟ್ಟವಾಗಿ, ಎಣ್ಣೆ ಸುಟ್ಟಂತೆ. ಅದು ಹೆಚ್ಚು ಹೊತ್ತು ಇರಲಿಲ್ಲ. ಶೆಟ್ಟಿ ಬಾಯಿ ಮುಕ್ಕಳಿಸುತ್ತ ಅದನ್ನು ನೋಡಿದವನು, ಏಕೋ ನೀರಿನ ತಂಬಿಗೆಯನ್ನು ಕೆಳಗಿಟ್ಟ. ಗೂಡಿನಲ್ಲಿ ಹಾಕಿದ ಎಣ್ಣೆಗೆ ಅಷ್ಟು ಹೊಗೆ ಬರುವುದಿಲ್ಲ. ಲೆಕ್ಕ ಎಲ್ಲೋ ಸರಿಹೋಗುತ್ತಿಲ್ಲ ಎಂದು ಅವನ ಮನಸ್ಸು ಅಂದುಕೊಳ್ಳುತ್ತಿದ್ದಂತೆಯೇ ತೆಂಕಣ ಗಾಳಿ ಬಡಿಯಿತು. ಹಂಚು ಹಾರಿತು, ತೆಂಗು ಬುಡ ಕಿತ್ತು ಬಿತ್ತು, ದಡದಲ್ಲಿದ್ದ ಮಚ್ವೆಯನ್ನೇ ತೆರೆ ಎತ್ತಿ ಗದ್ದೆಯ ಅಂಚಿಗೆ ಒಗೆಯಿತು. ತುಫಾನು ಕಳೆಯುವವರೆಗೆ ಯಾರೂ ಕಡಲಿನ ಕಡೆ ಮುಖ ಮಾಡುವಂತಿರಲಿಲ್ಲ.

ಗಾಳಿ ನಿಂತ ಮೇಲೆ ಗದ್ದೆಯಿಂದ ಮಚ್ವೆ ಎಳೆತಂದು, ಬಿರುಕಿಗೆ ರಾಳ ಮೆತ್ತಿ, ಗೋಯ್ದ ಹಾಯಿ ಏರಿಸಿದಾಗ ಹಮ್ಮಣ್ಣ ಶೆಟ್ಟಿ ಯಾರೂ ಕರೆಯದೆ ಹತ್ತಿ ಕೂತ. ಬಲಿಪಾಡ್ಯವಲ್ಲದ ದಿನ ಅವನು ಗುಡ್ಡಕ್ಕೆ ಹೋದದ್ದು ಅದೇ ಮೊದಲು. ಮಚ್ವೆ ಕಟ್ಟುವ ಬಂಡೆಗೆ ಇನ್ನೂ ತೆಂಗಿನ ನಾರಿನ ಹಗ್ಗದ ತುಂಡು ಸುತ್ತಿಕೊಂಡಿತ್ತು. ಸುಣ್ಣಕಲ್ಲಿನ ಏಣು ಗರಗಸದಂತೆ. ಇಳಿತದಲ್ಲಿ ಹಗ್ಗ ಅದರ ಮೇಲೆ ಉಜ್ಜಿ ಉಜ್ಜಿ ಹರಿದು, ಮಚ್ವೆ ಮೊದಲ ದಿನವೇ ನೀರಿನ ಕೊಡದ ಸಮೇತ ಕಡಲಿಗೆ ಹೋಗಿತ್ತು. ಅಷ್ಟು ಎಲ್ಲರಿಗೂ ತಿಳಿಯಿತು. ಆಮೇಲೆ ಅವರು ಗೂಡಿನ ಹತ್ತಿರ ಹೋದರು. ಗೂಡು ತುಂಬಿದಂತೆಯೇ ಇತ್ತು. ಕಲ್ಲಿನ ವರಸೆ ಕದಲಿಲ್ಲ, ಕಟ್ಟಿಗೆಗೆ ಬೆಂಕಿ ಸೋಕಿಲ್ಲ, ಬಾಯಿಗೆ ಮುಚ್ಚಿದ ತೆಂಗಿನ ಗರಿಯನ್ನು ಗಾಳಿ ಹರಿದಿತ್ತೇ ಹೊರತು ಮನುಷ್ಯರ ಕೈ ಮುಟ್ಟಿರಲಿಲ್ಲ.

ಬೆಂಕಿ ಹಚ್ಚಿದ್ದು ಗೂಡಿನಲ್ಲಲ್ಲ, ಅದರಾಚೆ, ಗುಡ್ಡದ ನೆತ್ತಿಯ ಮೇಲೆ. ಎರಡರ ನಡುವೆ ಒಂದು ದೊಡ್ಡ ಕಣಿವೆಯೇ ಇತ್ತು. ಬೇಲೆಕೊಪ್ಪದ ಜಗಲಿಯಿಂದ ನೋಡಿದರೆ ನೆತ್ತಿ ಸರಿಯಾಗಿ ಗೂಡಿನ ಬೆನ್ನಿಗೆ ಬರುತ್ತದೆ, ಎರಡೂ ಒಂದೇ ಜಾಗವೆನಿಸುತ್ತದೆ. ನೆತ್ತಿಯ ಬಿಳಿ ಕಲ್ಲು ಮಸಿಯಾಗಿತ್ತು. ಒಂದು ಕಡೆ ಹಸಿ ಸೊಪ್ಪಿನ ಬೂದಿ. ಇನ್ನೊಂದು ಕಡೆ, ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡು ಗಾಳಿಗೂ ಹೋಗದೆ ಉಳಿದ, ಅರ್ಧ ಸುಟ್ಟ ಮರದ ತುಂಡು. ಗೋಯ್ದ ಅದನ್ನು ಎತ್ತಿ ಮೂಸಿದ. ವರ್ಷ ವರ್ಷವೂ ಮೀನೆಣ್ಣೆ ಕುಡಿಸಿದ ಮರ.

"ಇದು ಪಾತಿಯ ಮೂತಿ," ಎಂದ. ಸುತ್ತ ನೋಡಿದ. ಎರಡು ಪಾತಿಗಳಲ್ಲಿ ಒಂದೂ ಇರಲಿಲ್ಲ. "ನಡುವಿನ ದಿನ ಕಡಲು ಮಲಗಿತ್ತು ಶೆಟ್ರೇ. ಜೀವದ ಆಸೆ ಬಿಟ್ಟು ಹುಟ್ಟು ಹಾಕಿದ್ರೆ ಒಬ್ಬನಾದ್ರೂ ದಡ ಮುಟ್ತಿದ್ದ. ಗೂಡಿನ ತುಂಬ ಒಣ ಕಟ್ಟಿಗೆ ಅದೆ. ಅದನ್ನ ಬಿಟ್ಟು ದೋಣಿ ಯಾಕೆ ಸುಟ್ರು?"

ಮೊದಲು ಬಿಳಿ, ಆಮೇಲೆ ಕರಿ. ಗೂಡಿನಿಂದ ದೂರ, ಗೂಡಿನ ಹೊಗೆಯೆಂದು ಯಾರೂ ತಿಳಿಯದಿರಲೆಂದು. ಸುಣ್ಣ ಸುಡುವವರು ಯಾರೂ ಎಬ್ಬಿಸದಂಥ ಹೊಗೆ. ಅದಕ್ಕೆ ಬೇಕಾದ ಎಣ್ಣೆ ಗುಡ್ಡದಲ್ಲಿ ಇದ್ದದ್ದು ಪಾತಿಗಳ ಮೈಯಲ್ಲಿ ಮಾತ್ರ. ಜಗಲಿಯಲ್ಲಿ ಕೂತವನೊಬ್ಬನಿಗೆ ಬರೆದ ಓಲೆ ಅದು, ಅವನೇ ಕಲಿಸಿದ ಅಕ್ಷರದಲ್ಲಿ. ಒಂದು ಪಾತಿ ಸುಟ್ಟಾಗ ಯಾರೂ ಬರಲಿಲ್ಲ. ಬಿಸಿಲಿನ ಝಳಕ್ಕೆ ಕಾಣಲಿಲ್ಲವೇನೋ, ಈಗ ಖಂಡಿತ ನೋಡುತ್ತಾರೆ ಎಂದು ಮರುದಿನ ಎರಡನೆಯದನ್ನೂ ಸುಟ್ಟಳು. ನೋಡಲಿಲ್ಲವೆಂದು ಯಾರು ಹೇಳಬೇಕು? ಅವನು ಅಷ್ಟನ್ನೂ ನೋಡಿದ್ದ.

"ಯಾಕೆ ಶೆಟ್ರೇ?" ಎಂದು ಗೋಯ್ದ ಮತ್ತೆ ಕೇಳಿದ.

"ನನಗೆ ಗೊತ್ತಾಗಲಿ ಅಂತ," ಎಂದನಂತೆ ಹಮ್ಮಣ್ಣ ಶೆಟ್ಟಿ. ಅವರಿಬ್ಬರೂ ನೆತ್ತಿಯಿಂದ ಇಳಿದರು. ಗವಿಗಳನ್ನೆಲ್ಲ ಹುಡುಕಿದರು. ಯಾರ ಮೈಯೂ ಸಿಗಲಿಲ್ಲ, ಮುಂದೆ ಯಾವ ದಡಕ್ಕೂ ಬರಲಿಲ್ಲ.

ಆ ವರ್ಷದ ಬಲಿಪಾಡ್ಯಕ್ಕೆ ಗೂಡಿನ ಮುಂದೆ ಕಾಯಿ ಒಡೆಯಲಿಲ್ಲ. ಮುಂದಿನ ವರ್ಷವೂ ಇಲ್ಲ. ಶೆಟ್ಟಿ ವ್ಯಾಪಾರ ಬಿಡಲಿಲ್ಲ. ಹೊಟ್ಟೆ ಯಾರ ದುಃಖವನ್ನೂ ಕೇಳುವುದಿಲ್ಲ. ಆದರೆ ಸುಣ್ಣವನ್ನು ಬೇರೆ ಊರಿನಿಂದ ತರಿಸಿ, ಚೀಲ ಬಿಚ್ಚಿ, ಬೆರಳಿನಿಂದ ಮುಟ್ಟಿ, ನಾಲಿಗೆಗೆ ತಾಗಿಸಿ ನೋಡದೆ ಕೊಳ್ಳುತ್ತಿರಲಿಲ್ಲ. ಜಗಲಿಯನ್ನು ಕೆಡವಿ ಅಂಗಡಿಯ ಬಾಗಿಲನ್ನು ಮೂಡಣಕ್ಕೆ ತಿರುಗಿಸಿದ. ದುಗ್ಗಮ್ಮ ಅವನಿಗೆ ಸಾಯುವವರೆಗೂ ಬಡಿಸಿದಳು, ಮಾತಾಡಿಸಲಿಲ್ಲ. ಬಿಳಿಗುಡ್ಡಗಳಲ್ಲಿ ಯಾವ ಬಣ್ಣದ ಹೊಗೆ ಕಂಡರೂ ಯಾಕೆಂದು ಕೇಳದೆ ಮೊದಲು ದೋಣಿ ಇಳಿಸಬೇಕೆಂದು ಅಂಬಿಗರು ಕಟ್ಟು ಮಾಡಿದರು. ಆ ಕಟ್ಟಿನಿಂದ ಈವರೆಗೆ ಒಂದು ಜೀವವೂ ಉಳಿದದ್ದಿಲ್ಲ, ಏಕೆಂದರೆ ಆಮೇಲೆ ಅಲ್ಲಿ ಹೊಗೆಯೇ ಏಳಲಿಲ್ಲ. ಅದಕ್ಕೆ ಮೊದಲು 'ಶೆಟ್ಟರ ಗೂಡಿನ ಗುಡ್ಡ' ಎನ್ನುತ್ತಿದ್ದ ಜನ, ಶೆಟ್ಟರ ಹೆಸರು ಎತ್ತಲು ಮನಸ್ಸಾಗದೆ, ಹೊಗೆಗುಡ್ಡ ಎನ್ನತೊಡಗಿದರು. ಅದೇ ನಿಂತಿತು.

ಇಂದು ಹೋದವರಿಗೆ ಗೂಡು ಕಾಣುತ್ತದೆ. ಕಟ್ಟಿಗೆ ಗೆದ್ದಲು ತಿಂದು ಮಣ್ಣಾಗಿದೆ. ಸುಡದ ಕಲ್ಲುಗಳು ಕುಸಿದು, ಮಳೆ ಕುಡಿದು ಒಂದಕ್ಕೊಂದು ಅಂಟಿಕೊಂಡಿವೆ. ಬೋಟು ಧಕ್ಕೆ ಬಿಡುವಾಗ ಬೆರಳು ಮಾಡಿ ತೋರಿಸಿದರೆ, ಗೂಡು ಮತ್ತು ನೆತ್ತಿಯ ಕಪ್ಪು ಒಂದೇ ಚುಕ್ಕೆಯಂತೆ ಕಾಣುತ್ತವೆ. ಎಂಥ ಚುರುಕು ಕಣ್ಣಿನವರಿಗೂ ಬೇರೆ ಮಾಡಲು ಬರುವುದಿಲ್ಲ. ಕಯಾಕು ಗುಡ್ಡದ ಬುಡಕ್ಕೆ ಬಂದು, ಹುಟ್ಟು ಮಡಿಲಲ್ಲಿಟ್ಟು ತಲೆಯೆತ್ತಿದಾಗ ಮಾತ್ರ, ಗೂಡು ಒಂದು ಕಡೆ, ಕಪ್ಪು ಇನ್ನೊಂದು ಕಡೆ, ನಡುವೆ ಬಾಯಿ ತೆರೆದ ಕಣಿವೆ ಕಾಣುತ್ತದೆ.